ಮುಂದಿನ ಆದಿತ್ಯವಾರದ ತನಕ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕಳುಹಿಸಬೇಕೆಂದು ಸಂಪಾದಕ ಸಮಿತಿಯವರು ಕೇಳಿಕೊಂಡಾಗ ನನಗೆ ಸಂತೋಷದೊಡನೆ ಸಂಕೋಚವೂ ಉಂಟಾಯಿತು. ಗಡಿನಾಡಿನ ಕನ್ನಡದ ಅಳಿವು ಉಳಿವುಗಳ ಕುರಿತು ನನಗಿಂತ ಅಧಿಕಾರವಾಣಿಯಿಂದ ಬರೆಯಬಲ್ಲ ಹಿರಿಯರು ಈ ಸಂಚಿಕೆಯಲ್ಲಿದ್ದಾರೆ. ನನ್ನ ಮನಸ್ಸು ಮಾತ್ರ ಶಾಲೆಯ ನೆನಪು ಬಂದಾಗಲೆಲ್ಲ ಒಂದು ಹಿಂದಿ ಧಾರಾವಾಹಿಯ ಬಳಿಗೆ ಹೋಗಿ ನಿಲ್ಲುತ್ತದೆ. ಕನ್ನಡ ಶಾಲೆಯ ಸಂಚಿಕೆಯಲ್ಲಿ ಹಿಂದಿ ಧಾರಾವಾಹಿಯ ಪ್ರಸ್ತಾಪವೇ ಎಂದು ಓದುಗರು ಹುಬ್ಬೇರಿಸಬಾರದು. ಕಥೆಯೆಂಬುದು ಮನುಷ್ಯರನ್ನು ಏಕೆ ಕಟ್ಟಿಹಾಕುತ್ತದೆ ಎಂಬುದನ್ನು ನಾನು ಕಲಿತದ್ದು ಅದರಿಂದ. ಕಲಿತ ಸ್ಥಳ ಮಾತ್ರ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಕೋಣೆ. ಅಲ್ಲಿ ನಾನು ಮಾಡಿದ ಒಂದು ತಪ್ಪಿನ ನಿವೇದನೆಯೂ ಈ ಬರಹದಲ್ಲಿದೆ.

1994ರ ಮಾರ್ಚ್ ತಿಂಗಳಲ್ಲಿ ದೂರದರ್ಶನದಲ್ಲಿ 'ಚಂದ್ರಕಾಂತಾ' ಆರಂಭವಾಯಿತು. ಕುಂಬಳೆ ಸೀಮೆಯ ಒಳನಾಡಿನಲ್ಲಿರುವ ನಮ್ಮ ಊರಿನಲ್ಲಿ ಆಗ ಟಿ.ವಿ. ಇದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಾಗಿತ್ತು. ಆದಿತ್ಯವಾರ ಬೆಳಿಗ್ಗೆ ನಾವೆಲ್ಲ ತೋಟದಾಚೆಯ ದೊಡ್ಡ ಮನೆಯ ಚಾವಡಿಯಲ್ಲಿ ಸೇರುತ್ತಿದ್ದೆವು. ಒಬ್ಬ ಮಾಡಿನ ಮೇಲೆ ಹತ್ತಿ ಏಂಟೆನಾ ತಿರುಗಿಸಬೇಕು, ಇನ್ನೊಬ್ಬ ಅಂಗಳದಲ್ಲಿ ನಿಂತು "ಬಂತು", "ಹೋಯಿತು" ಎಂದು ಕೂಗಬೇಕು. ಚಾವಡಿಯಲ್ಲಿ ಹವ್ಯಕ ಕನ್ನಡದ ನನ್ನ ಅಜ್ಜಿ, ತುಳು ಮಾತಾಡುವ ತೋಟದ ಕೆಲಸದವರು, ಮಲಯಾಳ ಮಾತಾಡುವ ನೆರೆಮನೆಯ ಉಮ್ಮ, ಕೊಂಕಣಿಯ ಅಂಗಡಿಯವರ ಮಕ್ಕಳು. ಇಷ್ಟು ಭಾಷೆಗಳು ಒಂದೇ ಚಾವಡಿಯಲ್ಲಿ ಕೂತಿದ್ದರೂ ಹಿಂದಿ ಬಲ್ಲ ಹಿರಿಯರು ಒಬ್ಬರೂ ಇರಲಿಲ್ಲ. ಶಾಲೆಯಲ್ಲಿ ಅಷ್ಟಿಷ್ಟು ಹಿಂದಿ ಕಲಿಯುತ್ತಿದ್ದ ನಾವು ಹುಡುಗರೇ ಅವರಿಗೆ ಆಧಾರ. "ಎಂತ ಹೇಳಿದ ಅವ?" ಎಂದು ಅಜ್ಜಿ ಕೇಳುವರು. ತಾಳಮದ್ದಳೆಯಲ್ಲಿ ಭಾಗವತರ ಪದಕ್ಕೆ ಅರ್ಥಧಾರಿ ಅರ್ಥ ಹೇಳುವಂತೆ ನಾನು ಅರ್ಥ ಹೇಳಬೇಕು. ನನಗೆ ತಿಳಿಯುತ್ತಿದ್ದುದು ನಾಲ್ಕರಲ್ಲಿ ಒಂದು ಮಾತು. ಉಳಿದ ಮೂರನ್ನು ಸಂದರ್ಭ ನೋಡಿ ತುಂಬಿಸುತ್ತಿದ್ದೆ.

ಕಥೆಯ ಮೂಲವು ದೇವಕೀನಂದನ ಖತ್ರಿಯವರು 1888ರಲ್ಲಿ ಪ್ರಕಟಿಸಿದ ಅದೇ ಹೆಸರಿನ ಹಿಂದಿ ಕಾದಂಬರಿ. ಖತ್ರಿಯವರು ಕಾಶಿಯ ಸಮೀಪದ ಕಾಡುಗಳ ಗುತ್ತಿಗೆ ಹಿಡಿದಿದ್ದವರು. ಅಲ್ಲಿಯ ಪಾಳುಕೋಟೆಗಳನ್ನೂ ಕಣಿವೆಗಳನ್ನೂ ಕಣ್ಣಾರೆ ಕಂಡವರು. ವಿಜಯಗಢದ ರಾಜಕುಮಾರಿ ಚಂದ್ರಕಾಂತೆ, ನೌಗಢದ ರಾಜಕುಮಾರ ವೀರೇಂದ್ರ ಸಿಂಹ, ಇವರ ನಡುವೆ ಅಡ್ಡ ಬರುವ ಕ್ರೂರ ಸಿಂಹ, ಚುನಾರಗಢದ ರಾಜ ಶಿವದತ್ತ. ಇವರೆಲ್ಲರ ಬೆನ್ನಿಗೆ 'ಐಯಾರ'ರೆಂಬ ಚತುರರು. ಕ್ಷಣಮಾತ್ರದಲ್ಲಿ ವೇಷ ಬದಲಿಸುವವರು, ಮೂರ್ಛೆ ಬರಿಸುವ ಪುಡಿಯನ್ನೂ ಮೂರ್ಛೆ ತಿಳಿಸುವ ಮದ್ದನ್ನೂ ಹೆಗಲ ಚೀಲದಲ್ಲಿಯೇ ಇಟ್ಟುಕೊಂಡು ತಿರುಗುವವರು. ಇವೆಲ್ಲದರ ನಡುವೆ 'ತಿಲಿಸ್ಮ್' ಎಂಬ ರಹಸ್ಯದ ನೆಲೆ. ಒಳಹೊಕ್ಕವನಿಗೆ ಹೊರಬರುವ ದಾರಿ ತಿಳಿಯದು. ಕಮಲೇಶ್ವರರು ದೂರದರ್ಶನಕ್ಕಾಗಿ ಬರೆದ, ಸುನಿಲ್ ಅಗ್ನಿಹೋತ್ರಿಯವರು ನಿರ್ದೇಶಿಸಿದ ಧಾರಾವಾಹಿಯು ಮೂಲದಿಂದ ಬಹಳ ದೂರ ಸರಿದಿತ್ತೆಂಬುದು, ಬಹುಕಾಲದ ಮೇಲೆ ಕಾದಂಬರಿಯನ್ನು ಓದಿದಾಗ ನನಗೆ ತಿಳಿಯಿತು. ಅಂದು ಅದು ನಮಗೆ ಬೇಕಾಗಿಯೂ ಇರಲಿಲ್ಲ.

ಭಾಷೆಯೇ ತಿಳಿಯದ ಅಜ್ಜಿ ಒಂದು ವಾರವೂ ತಪ್ಪದೆ ಬಂದು ಕೂರುತ್ತಿದ್ದುದೇಕೆ? ಇದನ್ನು ನಾನು ಆಗಲೇ ಕೇಳಿದ್ದೆ. ಅವರ ಉತ್ತರ ಸರಳವಾಗಿತ್ತು. ಅಖಿಲೇಂದ್ರ ಮಿಶ್ರರು ಕ್ರೂರ ಸಿಂಹನಾಗಿ ಮೇಲಕ್ಕೆ ತಿರುಚಿದ ದಪ್ಪ ಹುಬ್ಬುಗಳೊಡನೆ 'ಯಕ್ಕೂ' ಎಂದು ಅಬ್ಬರಿಸಿದ ಮೊದಲ ದಿನವೇ ಅಜ್ಜಿ, "ಇವ ಬಣ್ಣದ ವೇಷ" ಎಂದು ತೀರ್ಪು ಕೊಟ್ಟಿದ್ದರು. ಅಷ್ಟು ಸಾಕಾಗಿತ್ತು. ಪಾರ್ತಿಸುಬ್ಬನ ನಾಡಿನಲ್ಲಿ ಹುಟ್ಟಿ, ಇರುಳಿಡೀ ಬಯಲಾಟ ನೋಡಿ ಬೆಳೆದವರಿಗೆ ರಾಜವೇಷ ಯಾವುದು, ಸ್ತ್ರೀವೇಷ ಯಾವುದು, ಹಾಸ್ಯಗಾರ ಯಾರು ಎಂಬುದನ್ನು ಹಿಂದಿಯವರು ಹೇಳಿಕೊಡಬೇಕಾಗಿರಲಿಲ್ಲ. ದೇವಿ ಮಹಾತ್ಮೆಯ ಆಟದಲ್ಲಿ ಪ್ರೇಕ್ಷಕರ ಹಿಂದಿನಿಂದ, ಸೂಟೆಯ ಬೆಂಕಿಯ ನಡುವೆ, ಮಹಿಷಾಸುರ ಬೊಬ್ಬಿರಿಯುತ್ತ ನುಗ್ಗಿ ಬರುವುದನ್ನು ಕಂಡ ಮಗುವಿಗೆ ಮಾಯಾಲೋಕವೆಂಬುದು ಪರದೇಶವಲ್ಲ. ಅದ್ಭುತ ಕಥೆಗಳು ಜನರನ್ನು ಹಿಡಿಯುವುದಕ್ಕೆ ಮೊದಲನೆಯ ಕಾರಣ ಇದೇ ಎಂದು ನನಗೆ ತೋರುತ್ತದೆ. ಅವು ಕಾಣದ ಲೋಕವನ್ನು ತೋರಿಸುತ್ತವೆ; ಆದರೆ ನಾವು ಆಗಲೇ ಕಂಡಿರುವ ಮುಖಗಳ ಮೂಲಕ ತೋರಿಸುತ್ತವೆ.

ಇನ್ನು ಸೋಮವಾರದ ಮಾತು. ಆದಿತ್ಯವಾರ ಕಂಡದ್ದನ್ನು ಸೋಮವಾರ ತರಗತಿಯಲ್ಲಿ ಪಿಸುಗುಟ್ಟದೆ ಇರುವುದು ನಮ್ಮಿಂದ ಸಾಧ್ಯವಿರಲಿಲ್ಲ. ಒಂದು ದಿನ ಕನ್ನಡ ಪಂಡಿತರ ಪಾಠದ ವೇಳೆಯಲ್ಲಿ ಸಿಕ್ಕಿಬಿದ್ದೆವು. ಬೆತ್ತ ಬರುವುದೆಂದು ಕೈಚಾಚಿ ನಿಂತಿದ್ದ ನಮಗೆ ಪಂಡಿತರು ಬೇರೆಯೇ ಶಿಕ್ಷೆ ವಿಧಿಸಿದರು. "ಅಷ್ಟು ರಸವತ್ತಾದ ಕಥೆಯಾದರೆ ಎಲ್ಲರಿಗೂ ಕೇಳುವಂತೆ ಹೇಳು. ಆದರೆ ಒಂದೇ ಒಂದು ಹಿಂದಿ ಶಬ್ದ ಬರಕೂಡದು" ಎಂದರು. ಅಂದಿನಿಂದ ಸೋಮವಾರದ ಕನ್ನಡ ತರಗತಿಯ ಕೊನೆಯ ಹತ್ತು ನಿಮಿಷ ಕಥೆಗೆ ಮೀಸಲಾಯಿತು. ಹೇಳುವ ಕೆಲಸ ಬಹುಮಟ್ಟಿಗೆ ನನ್ನ ಪಾಲಿಗೆ ಬಂತು. ತರಗತಿಯಲ್ಲಿ ಎದ್ದು ನಿಂತು ಹೆಸರು ಹೇಳಲೂ ತಡವರಿಸುತ್ತಿದ್ದ ಹುಡುಗ ನಾನು. ಆ ಹತ್ತು ನಿಮಿಷ ಮಾತ್ರ ನಾಲಗೆ ತೊದಲುತ್ತಿರಲಿಲ್ಲ.

ಶಬ್ದಗಳಿಗಾಗಿ ನಾವು ಪಟ್ಟ ಪಾಡನ್ನು ಹೇಳಲೇಬೇಕು. 'ಐಯಾರ'ನಿಗೆ ಏನೆನ್ನುವುದು? ಗೂಢಚಾರನೆಂದರೆ ಅವನ ವೇಷ ಬಿಟ್ಟುಹೋಗುತ್ತದೆ, ವೇಷಧಾರಿಯೆಂದರೆ ಅವನ ಶೌರ್ಯ ಬಿಟ್ಟುಹೋಗುತ್ತದೆ. ಕೊನೆಗೆ 'ಮಾರುವೇಷದ ಬಂಟ'ನೆಂದು ತೀರ್ಮಾನವಾಯಿತು. 'ತಿಲಿಸ್ಮ್' ಎಂಬುದಕ್ಕೆ 'ಮಾಯಾಕೋಟೆ' ಎಂದು ನಾನು ಹೇಳಿದಾಗ ಪಂಡಿತರು ತಡೆದು, ಅದರ ಬಾಗಿಲು ಹೇಗೆ ತೆರೆಯುತ್ತದೆ ಎಂದು ವಿಚಾರಿಸಿದರು. ಕಲ್ಲನ್ನು ಒತ್ತಿದರೆ, ಬೊಂಬೆಯನ್ನು ತಿರುಗಿಸಿದರೆ ಎಂದೆ. "ಹಾಗಾದರೆ ಅದು ಮಾಯೆಯಲ್ಲ, ಕೀಲು. ನಮ್ಮ ಹಳೆಯ ಕಥೆಗಳಲ್ಲಿ ಕೀಲುಕುದುರೆ ಇದೆಯಲ್ಲ? ಇದು ಕೀಲುಕೋಟೆ" ಎಂದರು. ಖತ್ರಿಯವರ ಕಾದಂಬರಿಯಲ್ಲಿಯೂ ಆ ವಿಸ್ಮಯಗಳ ಹಿಂದೆ ಇರುವುದು ಯಂತ್ರ ಮತ್ತು ಔಷಧಿಗಳ ಚಮತ್ಕಾರವೇ ಎಂಬುದನ್ನು ಓದಿದಾಗ, ಧಾರಾವಾಹಿಯನ್ನು ನೋಡದೆಯೇ ಅದರ ಮರ್ಮವನ್ನು ಹಿಡಿದಿದ್ದ ಆ ಹಿರಿಯರಿಗೆ ನಾನು ಮನಸ್ಸಿನಲ್ಲಿಯೇ ಕೈಮುಗಿದೆ.

1994ರ ಮಳೆಗಾಲದ ಒಂದು ಶನಿವಾರ ರಾತ್ರಿ ಬೀಸಿದ ಗಾಳಿಗೆ ಮರ ಬಿದ್ದು ವಿದ್ಯುತ್ ತಂತಿ ಕಡಿಯಿತು. ಆದಿತ್ಯವಾರ ಇಡೀ ಊರಿಗೆ ಕರೆಂಟಿಲ್ಲ. ಸೋಮವಾರ ಪಂಡಿತರು "ಏನಯ್ಯಾ, ಎಲ್ಲಿಗೆ ಬಂತು ಕಥೆ?" ಎಂದಾಗ, ನೋಡಿಲ್ಲವೆಂದು ಹೇಳಿ ಆ ಹತ್ತು ನಿಮಿಷವನ್ನು ಬಿಟ್ಟುಕೊಡಲು ನನಗೆ ಮನಸ್ಸು ಬರಲಿಲ್ಲ. ಪೇಟೆಯಲ್ಲಿರುವ ನೆಂಟರ ಮನೆಯಲ್ಲಿ ನೋಡಿದೆನೆಂದು ಸುಳ್ಳು ಹೇಳಿ, ಕಥೆಯನ್ನು ನಾನೇ ಹೆಣೆಯತೊಡಗಿದೆ. ಕತ್ತಿವರಸೆಯಾಯಿತು, ಸುರಂಗವಾಯಿತು. ಸೆರೆಯಲ್ಲಿದ್ದ ರಾಜಕುಮಾರಿಯನ್ನು ಬಿಡಿಸುವ ಉಪಾಯ ಮಾತ್ರ ಹೊಳೆಯಲಿಲ್ಲ. ಗಂಟೆ ಬಾರಿಸುವ ಹೊತ್ತು. ಅವಳು ಕಿಟಕಿಯಿಂದ ಮೇಲಕ್ಕೆ ಹಾರಿ ಆಕಾಶಮಾರ್ಗವಾಗಿ ಹೊರಟುಹೋದಳೆಂದು ಹೇಳಿ ಮುಗಿಸಿಬಿಟ್ಟೆ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಸ್ವಭಾವದವಳು. "ಅವಳಿಗೆ ಹಾರಲಿಕ್ಕೆ ಬರುವುದಾದರೆ ಇಷ್ಟು ವಾರ ಸೆರೆಯಲ್ಲಿ ಯಾಕೆ ಕೂತಳು?" ಎಂದು ಕೇಳಿದಳು.

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಾನು ಉತ್ತರವಿಲ್ಲದೆ ನಿಂತೆ. ನನ್ನನ್ನು ಇಂದಿಗೂ ಬಿಡದೆ ಕಾಡುವ ಸಂಗತಿ ಬೇರೆ. ಆ ಹುಡುಗಿಯ ಮನೆಯಲ್ಲಿ ಟಿ.ವಿ. ಇರಲಿಲ್ಲ. ಆದಿತ್ಯವಾರ ಬೆಳಿಗ್ಗೆ ಅವಳಿಗೆ ಬಿಡುವೂ ಇರುತ್ತಿರಲಿಲ್ಲ. ತಾಯಿಯೊಡನೆ ಬೀಡಿ ಕಟ್ಟಲು ಕೂರಬೇಕಿತ್ತು. ಧಾರಾವಾಹಿಯ ಒಂದೇ ಒಂದು ಕಂತನ್ನೂ ಅವಳು ನೋಡಿರಲಿಲ್ಲ. ಅವಳ ಚಂದ್ರಕಾಂತೆ ಇದ್ದುದು ನನ್ನ ಮಾತಿನಲ್ಲಿ ಮಾತ್ರ. ಆದರೂ ನಮ್ಮೆಲ್ಲರಿಗಿಂತ ಆ ಕಥೆಯ ಕಟ್ಟಳೆಯನ್ನು ಕಾಪಾಡಿಕೊಂಡಿದ್ದವಳು ಅವಳೇ. ಗಂಟೆ ಬಾರಿಸಿದ ಮೇಲೆ ಜಗಲಿಯಲ್ಲಿ ನನ್ನನ್ನು ನಿಲ್ಲಿಸಿ, "ನಿಜವಾಗಿ ಎಂತ ಆಯಿತು?" ಎಂದಳು. ಗೊತ್ತಿಲ್ಲ, ನಾನೂ ನೋಡಿಲ್ಲ ಎಂದೆ. ಸಿಟ್ಟಾಗುವಳೆಂದು ಭಾವಿಸಿದ್ದೆ. ಅವಳ ಮುಖದಲ್ಲಿ ಕಂಡದ್ದು ನೆಮ್ಮದಿ. "ಹಾಗಾದರೆ ಇನ್ನೂ ಸೆರೆಯಲ್ಲೇ ಇದ್ದಾಳೆ" ಎಂದು ಹೇಳಿ ಹೋದಳು.

ಮರುದಿನ ಪಂಡಿತರು ಪಾಠಪುಸ್ತಕವನ್ನು ಮುಚ್ಚಿಟ್ಟು ಹಿರಣ್ಯಕಶಿಪುವಿನ ಕಥೆಯನ್ನು ಎತ್ತಿಕೊಂಡರು. ಮನುಷ್ಯನಿಂದಲ್ಲ, ಮೃಗದಿಂದಲ್ಲ, ಹಗಲಲ್ಲ, ಇರುಳಲ್ಲ, ಒಳಗಲ್ಲ, ಹೊರಗಲ್ಲ, ನೆಲದಲ್ಲಲ್ಲ, ಆಕಾಶದಲ್ಲಲ್ಲ, ಆಯುಧದಿಂದಲ್ಲ. ವರ ಕೊಟ್ಟಾಗಿದೆ. ಇನ್ನು ವಿಷ್ಣುವೇ ಆದರೂ ಆ ವರವನ್ನು ಮುರಿಯುವಂತಿಲ್ಲ. ಅದಕ್ಕಾಗಿ ನರಸಿಂಹನಾಗಬೇಕು, ಸಂಜೆಯ ಹೊತ್ತಿಗೆ ಕಾಯಬೇಕು, ಹೊಸ್ತಿಲಲ್ಲಿ ಕೂರಬೇಕು, ತೊಡೆಯ ಮೇಲೆ ಮಲಗಿಸಬೇಕು, ಉಗುರನ್ನು ಬಳಸಬೇಕು. "ದೇವರಿಗೇ ಬಿಡದ ಕಟ್ಟಳೆಯನ್ನು ನೀನು ಹಾರಿಸಿಬಿಟ್ಟೆಯಲ್ಲಾ!" ಎಂದು ನನ್ನತ್ತ ನೋಡಿ ನಕ್ಕರು. ಸುಳ್ಳು ಹೇಳಿದ್ದಕ್ಕೆ ಬೈಯಲಿಲ್ಲ. ಸುಳ್ಳನ್ನು ಸರಿಯಾಗಿ ಕಟ್ಟದಿದ್ದುದಕ್ಕೆ ಬೈದರು.

ಅದ್ಭುತ ಕಥೆಯಲ್ಲಿ ಏನು ಬೇಕಾದರೂ ಆಗಬಹುದು, ಆದ್ದರಿಂದ ಜನರು ಮರುಳಾಗುತ್ತಾರೆ ಎಂದು ತಿಳಿದವರು ಹೇಳುವುದುಂಟು. ನನ್ನ ಅನುಭವ ಇದಕ್ಕೆ ತೀರಾ ವಿರುದ್ಧವಾದುದು. ಏನು ಬೇಕಾದರೂ ಆಗಬಹುದಾದ ಕಥೆಯಲ್ಲಿ ಯಾರಿಗೂ ಆತಂಕವಿಲ್ಲ, ಆತಂಕವಿಲ್ಲದಲ್ಲಿ ಆಸಕ್ತಿಯೂ ಇಲ್ಲ. ಮಹಿಷನಿಗೆ ಹೆಣ್ಣಿನಿಂದ ಮಾತ್ರ ಸಾವು ಎಂದ ಕ್ಷಣದಿಂದ ನಾವು ಆ ಹೆಣ್ಣಿಗಾಗಿ ಕಾಯತೊಡಗುತ್ತೇವೆ. ಲೋಕದ ನಿಯಮಗಳು ನಮಗೆ ಪೂರ್ತಿ ತಿಳಿಯುವುದಿಲ್ಲ, ತಿಳಿದರೂ ಅವು ಹಲವು ಬಾರಿ ನ್ಯಾಯವಾಗಿ ನಡೆಯುವುದಿಲ್ಲ. ಆ ಹುಡುಗಿಗೆ ಅದು ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಕಥೆಯ ಲೋಕದಲ್ಲಾದರೂ ಕೊಟ್ಟ ಮಾತಿಗೆ ಬೆಲೆಯಿರಬೇಕೆಂದು ಅವಳು ಬಯಸಿದ್ದರೆ ಅದರಲ್ಲಿ ಆಶ್ಚರ್ಯವೇನು?

ಎರಡನೆಯದು ಕಾಯುವಿಕೆ. ಆದಿತ್ಯವಾರದ ಕಂತು ಮುಗಿಯುತ್ತಿದ್ದುದು ಸದಾ ಅಪಾಯದ ಅಂಚಿನಲ್ಲಿ. ಮುಂದಿನ ಆರು ದಿನ ಕಥೆ ನಮ್ಮ ಕೈಯಲ್ಲಿ. ಗದ್ದೆಯ ಹುಣಿಯಲ್ಲಿ ಶಾಲೆಗೆ ನಡೆಯುವಾಗ, ಅಡಿಕೆ ಹೆಕ್ಕುವಾಗ, ನಾವು ಮುಂದಿನ ಕಂತನ್ನು ಹತ್ತು ಬಗೆಯಲ್ಲಿ ಕಟ್ಟಿ ಕೆಡವುತ್ತಿದ್ದೆವು. ಈ ತಂತ್ರ ಹೊಸತೇನಲ್ಲ. ಬೇತಾಳನು ಪ್ರಶ್ನೆ ಕೇಳುತ್ತಾನೆ, ವಿಕ್ರಮ ಉತ್ತರಿಸಿ ಮೌನ ಮುರಿಯುತ್ತಾನೆ, ಬೇತಾಳ ಹಾರಿ ಮರಳಿ ಮರಕ್ಕೆ ನೇತಾಡುತ್ತಾನೆ. 1949ರಲ್ಲಿ ಕನ್ನಡದಲ್ಲಿ ಆರಂಭವಾದ 'ಚಂದಮಾಮ'ವನ್ನು ಓದಿ ಬೆಳೆದವರಿಗೆ ಮುಂದಿನ ಸಂಚಿಕೆಗಾಗಿ ಕಾಯುವ ಸುಖವನ್ನು ವಿವರಿಸಬೇಕಾಗಿಲ್ಲ. ಬ್ಲೂಮಾ ಝೈಗಾರ್ನಿಕ್ ಎಂಬ ಮನೋವಿಜ್ಞಾನಿ 1927ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮುಗಿಸಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸವು ಮನಸ್ಸಿನಲ್ಲಿ ಹೆಚ್ಚು ಉಳಿಯುತ್ತದೆಂದು ಹೇಳಿದ್ದಾರೆ. ಆಮೇಲಿನ ಪ್ರಯೋಗಗಳೆಲ್ಲವೂ ಈ ಮಾತನ್ನು ಒಪ್ಪಿಲ್ಲವಂತೆ. ನಮ್ಮ ತರಗತಿಯನ್ನು ಪರೀಕ್ಷಿಸಿದ್ದರೆ ಬಹುಶಃ ಒಪ್ಪುತ್ತಿದ್ದರು.

ಕಾಲ ಬದಲಾದರೂ ಈ ಎರಡು ಸಂಗತಿಗಳು ಬದಲಾಗಿಲ್ಲ ಎಂಬುದಕ್ಕೆ ನನಗೆ ಸಾಕ್ಷಿ ದೊರೆತದ್ದು 2019ರ ಮೇ ತಿಂಗಳಲ್ಲಿ. ಬೆಂಗಳೂರಿನಲ್ಲಿ ಓದುತ್ತಿದ್ದ ನನ್ನ ಅಕ್ಕನ ಮಗಳು ರಜೆಗೆ ಬಂದಿದ್ದಳು. 'ಗೇಮ್ ಆಫ್ ಥ್ರೋನ್ಸ್' ಎಂಬ ಅಮೆರಿಕದ ಧಾರಾವಾಹಿಯ ಕೊನೆಯ ಕಂತನ್ನು ನೋಡಿ ಎರಡು ದಿನ ಮುಖ ಬಾಡಿಸಿಕೊಂಡು ಕೂತಿದ್ದಳು. 2011ರಿಂದ ಎಂಟು ಋತುಗಳಲ್ಲಿ, 73 ಕಂತುಗಳಲ್ಲಿ ಪ್ರಸಾರವಾದ ಕಥೆ; ಮಕ್ಕಳು ನೋಡುವಂಥದ್ದಲ್ಲ. ನಾಯಕನೆಂದು ಎಲ್ಲರೂ ನಂಬಿದ್ದ ನೆಡ್ ಸ್ಟಾರ್ಕನ ತಲೆಯನ್ನು ಮೊದಲ ಋತುವಿನ ಒಂಬತ್ತನೆಯ ಕಂತಿನಲ್ಲಿಯೇ ಕಡಿದುಬಿಟ್ಟರಂತೆ. "ಆಗ ನಿನಗೆ ಬೇಸರವಾಗಲಿಲ್ಲವೇ?" ಎಂದು ಕೇಳಿದೆ. "ಬೇಸರ ಆಯ್ತು ಮಾವ, ಆದ್ರೆ ಮೋಸ ಅನ್ನಿಸ್ಲಿಲ್ಲ. ಅವನು ತಪ್ಪು ಜಾಗದಲ್ಲಿ ಸತ್ಯ ಹೇಳಿದ, ಅದಕ್ಕೆ ಸತ್ತ. ಕೊನೆಗೆ ಬರ್ತಾ ಬರ್ತಾ ಹಾಗಿಲ್ಲ. ಮೊದ್ಲು ಒಂದೂರಿಂದ ಇನ್ನೊಂದೂರಿಗೆ ಹೋಗ್ಲಿಕ್ಕೆ ತಿಂಗಳು ಬೇಕಿತ್ತು, ಆಮೇಲೆ ಕಣ್ಣು ಮುಚ್ಚಿ ತೆರೆಯೋದ್ರಲ್ಲಿ ಹೋಗ್ತಾರೆ" ಎಂದಳು. ನನಗೆ ಹಿಂದಿನ ಬೆಂಚಿನ ಪ್ರಶ್ನೆಯೇ ಮತ್ತೊಮ್ಮೆ ಕೇಳಿಸಿದಂತಾಯಿತು. ಕೊನೆಯ ಋತುವನ್ನು ಹೊಸದಾಗಿ ತೆಗೆಯಬೇಕೆಂದು ಆ ವರ್ಷ 15 ಲಕ್ಷಕ್ಕೂ ಹೆಚ್ಚು ಮಂದಿ ಅರ್ಜಿಗೆ ಸಹಿ ಹಾಕಿದ್ದರು. ಇಷ್ಟವಿಲ್ಲದವರು ಯಾರೂ ಅರ್ಜಿ ಹಾಕುವುದಿಲ್ಲ; ಸುಮ್ಮನೆ ಎದ್ದುಹೋಗುತ್ತಾರೆ.

ಕಥೆಯ ಗೀಳನ್ನು ನಾನು ಪೂರ್ತಿ ಹೊಗಳುತ್ತಿಲ್ಲ. ಆದಿತ್ಯವಾರದ ಆ ಒಂದು ಗಂಟೆಗಾಗಿ ಕೊಟ್ಟಿಗೆಯ ಕೆಲಸ ಬಿಟ್ಟು ಬೈಗುಳ ತಿಂದವನು ನಾನು. ಇಂದು ಇಡೀ ಧಾರಾವಾಹಿಯನ್ನು ಒಂದೇ ರಾತ್ರಿಯಲ್ಲಿ ನೋಡಿ ಮುಗಿಸುವ ಅನುಕೂಲವಿದೆ. ಹಾಗೆ ನೋಡಿದ್ದು ವಾರ ಕಳೆಯುವುದರೊಳಗೆ ಮರೆತುಹೋಗುವುದೂ ಇದೆ. ಕಾಯದೆ ಪಡೆದ ಕಥೆಗೆ ನಮ್ಮ ಪಾಲಿನದೇನನ್ನೂ ಸೇರಿಸಲು ಎಡೆ ಸಿಗುವುದಿಲ್ಲ.

ಇಷ್ಟಕ್ಕೂ ನಮ್ಮ ಶಾಲೆಗೂ ಇದಕ್ಕೂ ಏನು ಸಂಬಂಧ? ಉರ್ದು ಮಾತ್ರ ಬಲ್ಲ ಅನೇಕರು 'ಚಂದ್ರಕಾಂತಾ'ವನ್ನು ಓದುವುದಕ್ಕಾಗಿಯೇ ಹಿಂದಿ ಕಲಿತರೆಂದು ಆಚಾರ್ಯ ರಾಮಚಂದ್ರ ಶುಕ್ಲರು ತಮ್ಮ ಹಿಂದಿ ಸಾಹಿತ್ಯ ಚರಿತ್ರೆಯಲ್ಲಿ ದಾಖಲಿಸಿದ್ದಾರೆ. ಅದನ್ನು ಉನ್ನತ ಸಾಹಿತ್ಯವೆಂದು ಅವರು ಒಪ್ಪಲಿಲ್ಲ. ಆದರೆ ಅಷ್ಟು ಓದುಗರನ್ನು ಹಿಂದಿಗೆ ತಂದುಕೊಟ್ಟವರು ಇನ್ನೊಬ್ಬರಿಲ್ಲ ಎಂಬುದನ್ನು ಮುಚ್ಚಿಡಲೂ ಇಲ್ಲ. ನಮ್ಮಲ್ಲಿ ಗಳಗನಾಥರು ಕಾದಂಬರಿಗಳನ್ನು ಬರೆದು, ತಾವೇ ಹೊತ್ತು ಊರೂರು ತಿರುಗಿ ಮಾರಿ, ಕನ್ನಡಕ್ಕೆ ಓದುಗರನ್ನು ಸಂಪಾದಿಸಿದ್ದು ಇದೇ ಬಗೆಯ ಕಾರ್ಯ. ಮುಂದೇನಾಯಿತು ಎಂಬ ಕುತೂಹಲ ಯಾವ ಭಾಷೆಯಲ್ಲಿ ತಣಿಯುತ್ತದೆಯೋ ಆ ಭಾಷೆಯ ಕಡೆಗೆ ಮಗು ತಾನಾಗಿ ನಡೆಯುತ್ತದೆ. ನಮ್ಮ ಪಂಡಿತರು ಹಿಂದಿಯನ್ನು ಬೈಯಲಿಲ್ಲ, ಟಿ.ವಿ.ಯನ್ನು ನಿಷೇಧಿಸಲಿಲ್ಲ. ಅದರ ಕಥೆಯನ್ನು ಕನ್ನಡದ ಬಾಯಿಗೆ ಹಾಕಿದರು. ಅದರಿಂದಾಗಿ ಒಬ್ಬ ತೊದಲು ಹುಡುಗನಿಗೆ ಮಾತು ಬಂತು, ಟಿ.ವಿ. ಇಲ್ಲದ ಹುಡುಗಿಯೊಬ್ಬಳಿಗೆ ಒಂದು ರಾಜ್ಯವೇ ದೊರೆಯಿತು.

ಪಂಡಿತರು ಈಗಿಲ್ಲ, ಅಜ್ಜಿಯೂ ಇಲ್ಲ. ಕನ್ನಡ ವಿಭಾಗಕ್ಕೆ ಮಕ್ಕಳನ್ನು ಸೇರಿಸುವ ಚಿಂತೆ ಇಂದಿನ ಅಧ್ಯಾಪಕರನ್ನು ಕಾಡುತ್ತಿರುವುದನ್ನು ಬಲ್ಲೆ. ಅವರಲ್ಲಿ ನನ್ನದೊಂದು ವಿನಂತಿ. ಸೋಮವಾರದ ಹತ್ತು ನಿಮಿಷವನ್ನು ಮರಳಿ ತನ್ನಿರಿ. ಮಕ್ಕಳು ಯಾವ ಭಾಷೆಯಲ್ಲಿ ಏನನ್ನು ನೋಡಿದರೂ ಇರಲಿ, ಅದನ್ನು ಕನ್ನಡದಲ್ಲಿ ಹೇಳಲಿ. ಶಬ್ದ ಸಿಗದಿದ್ದಾಗ ತರಗತಿಯೇ ಹುಡುಕಲಿ.

ಕೊನೆಯದಾಗಿ ಒಂದು ಸಾಲದ ವಿಷಯ. 1996ರ ಮಾರ್ಚಿನಲ್ಲಿ ನಾವು ಹತ್ತನೆಯ ತರಗತಿ ಮುಗಿಸಿ ಚದುರಿಹೋದಾಗ ಧಾರಾವಾಹಿ ಇನ್ನೂ ಮುಗಿದಿರಲಿಲ್ಲ. ಆ ಮಳೆಗಾಲದ ಸೋಮವಾರದ ಬಳಿಕ ನಾನು ಒಂದು ಕಂತನ್ನೂ ಸುಳ್ಳು ಹೇಳಲಿಲ್ಲ. ಕೂತು ನೋಡುವಾಗಲೆಲ್ಲ ಇದನ್ನು ಅವಳಿಗೆ ಹೇಗೆ ಹೇಳಲಿ ಎಂದೇ ಯೋಚಿಸುತ್ತಿದ್ದೆ. ಆದರೆ ಕೊನೆಯನ್ನು ಹೇಳುವ ಅವಕಾಶ ಸಿಗಲಿಲ್ಲ. ಅನಂತರ ಅವಳನ್ನು ನಾನು ಕಂಡಿಲ್ಲ. ಈ ಸಂಚಿಕೆ ಅವಳ ಕೈಸೇರಿದರೆ, ಸುವರ್ಣ ಮಹೋತ್ಸವದ ದಿನ ಅವಳು ಶಾಲೆಗೆ ಬರಲಿ ಎಂದು ಹಾರೈಸುತ್ತೇನೆ. ಖತ್ರಿಯವರ ಕಾದಂಬರಿಯನ್ನು ಓದಿದ್ದೇನೆ. ರಾಜಕುಮಾರಿ ಸೆರೆಯಿಂದ ಹೇಗೆ ಹೊರಬಂದಳೆಂಬುದು ಈಗ ನನಗೆ ಸರಿಯಾಗಿ ಗೊತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಒಂಬತ್ತನೆಯ ತರಗತಿಯ ಕೋಣೆಯಲ್ಲಿ, ಎದ್ದು ನಿಂತು, ಬಾಯಾರೆ ಹೇಳಬೇಕಾದ ಕಥೆ ಅದು. ಒಂದೇ ಒಂದು ಹಿಂದಿ ಶಬ್ದ ಬಾರದಂತೆ ಹೇಳುತ್ತೇನೆ. ಅವಳು ಹಾರಲಿಲ್ಲ ಎಂಬಷ್ಟನ್ನು ಮಾತ್ರ ಈಗಲೇ ತಿಳಿಸಬಲ್ಲೆ.